ಎಲೆ ಉದುರಿಸದ ಮರ

ನಮ್ಮ ಬೀದಿಯಲ್ಲಿ ನೆರಳಿಲ್ಲ ಎಂಬುದು ಬೀದಿ ಸಂಘದ ಅಧ್ಯಕ್ಷರ ಬಿಳಿ ಅಂಗಿ ಸುಟ್ಟ ದಿನದಿಂದ ಅಧಿಕೃತವಾಗಿ ಜಾರಿಗೆ ಬಂದಿದೆ. ಅದಕ್ಕೆ ಮುಂಚೆಯೂ ನೆರಳಿರಲಿಲ್ಲ. ಆದರೆ ಆಗ ಯಾರೂ ಗಮನಿಸಿರಲಿಲ್ಲವಾದ್ದರಿಂದ ಅದನ್ನು ಪರಿಗಣಿಸಲು ಬರುವುದಿಲ್ಲ.

ಬೀದಿಯ ನಡುವಿನ ಖಾಲಿ ಸೈಟಿನ ಮುಂದೆ ಇಸ್ತ್ರಿ ಅಕ್ಕನ ಗಾಡಿ ಇದೆ. ನೆತ್ತಿಯ ಮೇಲೆ ಬಿಸಿಲು, ಕೈಯಲ್ಲಿ ಕೆಂಡದ ಪೆಟ್ಟಿಗೆ. ಎರಡು ಕಡೆಯಿಂದಲೂ ಬೇಯುತ್ತಿದ್ದ ಅಕ್ಕನಿಗೆ ಒಂದು ಮಧ್ಯಾಹ್ನ ಕಣ್ಣು ಕತ್ತಲೆ ಬಂತು; ಗಾಡಿಯ ಪಕ್ಕದಲ್ಲೇ ಕುಸಿದುಬಿಟ್ಟರು. ಇಸ್ತ್ರಿಪೆಟ್ಟಿಗೆ ಮಾತ್ರ ಕರ್ತವ್ಯದಲ್ಲೇ ಇತ್ತು. ಎದುರಿನ ಕನ್ನಡಕದ ಅಂಗಡಿಯವರು ಓಡಿಬಂದು ನೀರು ಚಿಮುಕಿಸಿ ಎಬ್ಬಿಸುವ ಹೊತ್ತಿಗೆ ಅಧ್ಯಕ್ಷರ ಅಂಗಿಯ ಬೆನ್ನಲ್ಲಿ ಒಂದು ಕಿಟಕಿ ತೆರೆದಿತ್ತು.

ಅಧ್ಯಕ್ಷರು ನಿವೃತ್ತ ರೈಲ್ವೆ ಗಾರ್ಡು. ನಮ್ಮ ಬೀದಿ ಸಂಘವನ್ನೂ ಗಾಡಿ ಬಿಟ್ಟ ಹಾಗೇ ನಡೆಸುತ್ತಾರೆ: ತಾವು ಹಿಂದೆ, ಬಾವುಟ ಮುಂದೆ. ಆ ಕಿಟಕಿಯೊಳಗೆ ಕೈ ತೂರಿಸಿ ಬೆರಳಾಡಿಸಿ ನೋಡಿ, ಮರುದಿನವೇ ತಮ್ಮ ಮನೆಯಲ್ಲಿ ಸಭೆ ಕರೆದರು. ಕಾರ್ಯದರ್ಶಿಯಾದ ನಾನು ಎಲ್ಲರಿಗೂ ತಿಳಿಸಿದೆ.

ಬೀದಿಗೆ ಮರ ಬೇಕು ಎಂಬ ನಿರ್ಣಯವನ್ನು ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿದರು. ಎಲ್ಲಿ ನೆಡುವುದು ಎನ್ನುವಾಗ ಚಪ್ಪಾಳೆ ನಿಂತಿತು.

"ಮರ ಬೇಕೇ ಬೇಕು. ಆದ್ರೆ ಹಕ್ಕಿ ಕೂರಬಾರದು, ಈಗ ತಾನೇ ಕಾರು ತಗೊಂಡಿದೀನಿ," ಎಂದರು ಕಾರಿನವರು.

"ನನ್ನ ಬೋರ್ಡಿಗೆ ಕೊಂಬೆ ಅಡ್ಡ ಬರಬಾರದು," ಎಂದರು ಕನ್ನಡಕದ ಅಂಗಡಿಯವರು. "ಮೊದಲೇ ನಮ್ಮ ಗಿರಾಕಿಗಳಿಗೆ ಕಣ್ಣು ಸರಿಯಾಗಿ ಕಾಣಲ್ಲ."

ತುದಿಮನೆ ಅಜ್ಜಿಗೆ ಬೇರಿನ ಚಿಂತೆ: "ನೀರಿನ ತೊಟ್ಟಿ ಒಡೆದ್ರೆ ಯಾರಪ್ಪ ಕಟ್ಟಿಸಿಕೊಡ್ತೀರಿ?"

ಅಧ್ಯಕ್ಷರ ಹೆಂಡತಿ ಅಡುಗೆಮನೆಯಿಂದಲೇ ಸಭೆಯಲ್ಲಿ ಭಾಗವಹಿಸಿದರು. "ಎಲೆ ಉದುರಿದ್ರೆ ಗುಡಿಸೋರು ಯಾರು ಅಂತ ಕೇಳಿ ನಮ್ಮನೆಯವರನ್ನ. ಇವರು ಕುಡಿದ ಲೋಟ ಎತ್ತಿಟ್ಟವರಲ್ಲ."

ಅಧ್ಯಕ್ಷರು ಮುಂದಿದ್ದ ಲೋಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು. ಕೊನೆಗೆ ಖಾಲಿ ಸೈಟಿನ ಮುಂದೆ, ಅಕ್ಕನ ಗಾಡಿಯ ಬಳಿ, ಮೊದಲ ಹಂತದಲ್ಲಿ ಒಂದು ಮರ ಎಂದು ತೀರ್ಮಾನವಾಯಿತು. ಸೈಟಿನ ಮಾಲೀಕರು ಸಭೆಗೆ ಬಂದಿರಲಿಲ್ಲವಾದ್ದರಿಂದ ಅವರ ವಿರೋಧ ಇರಲಿಲ್ಲ.

ಅಧ್ಯಕ್ಷರೂ ನಾನೂ ಹಸಿರು ವಿಭಾಗದ ಕಚೇರಿಗೆ ಹೋದೆವು. ಕಿಟಕಿಯ ಹೊರಗೆ ಭಾರಿ ಮರವೊಂದು ಕೊಂಬೆ ಚಾಚಿ ನಿಂತಿತ್ತು. ಒಳಗೆ ಹಗಲಲ್ಲೇ ದೀಪ ಹಾಕಿಕೊಂಡು ಅಧಿಕಾರಿಗಳೊಬ್ಬರು ಕೂತಿದ್ದರು.

"ಬೆಳಕೇ ಬರಲ್ಲ ನೋಡಿ," ಎಂದು ಬೇಸರಪಟ್ಟರು. "ಅದನ್ನ ಕಡಿಸಿ ಅಂತ ಎಷ್ಟು ಸಲ ಬರೆದೆ! ನಮ್ಮ ವಿಭಾಗದವರೇ ತಡೆದಿದಾರೆ. ಹೇಳಿ, ಎಂಥ ಮರ ಬೇಕು?"

ಅಧ್ಯಕ್ಷರು ಕೆಮ್ಮಿದರು. "ಎಲೆ ಉದುರಬಾರದು ಸಾರ್. ಬೇರು ಬಿಡಬಾರದು. ಕೊಂಬೆ ಚಾಚಬಾರದು. ಹಕ್ಕಿ ಬಂದು ಕೂರಬಾರದು. ಮಿಕ್ಕ ಹಾಗೆ ಯಾವ ಮರ ಆದ್ರೂ ಸರಿ."

ಇವರು ನಗುತ್ತಾರೆ ಎಂದುಕೊಂಡಿದ್ದೆ. ಅಧಿಕಾರಿಗಳು ಕನ್ನಡಕ ಒರೆಸಿಕೊಂಡು, "ಎಲ್ಲಾ ಬೀದಿಯವರೂ ಇದನ್ನೇ ಕೇಳೋದು. ನಿಯಮದಲ್ಲಿ ಅವಕಾಶ ಇದೆ," ಎಂದು ಪುಸ್ತಕ ತೆರೆದು ಓದಿದರು: "'ನಾಗರಿಕರಿಗೆ ಯಾವುದೇ ರೀತಿಯ ತೊಂದರೆ ಕೊಡದ ಮರಗಳನ್ನು ನಿರುಪದ್ರವಿ ಮರಗಳೆಂದು ಪರಿಗಣಿಸತಕ್ಕದ್ದು. ಸದರಿ ಮರಗಳಿಗೆ ಜೀವವಿರಲೇಬೇಕೆಂಬ ಷರತ್ತನ್ನು ಸಡಿಲಿಸತಕ್ಕದ್ದು.'"

ಸೋಫಾದ ಮೇಲೆ ಕೂತು ಅಷ್ಟು ಹೊತ್ತೂ ಅಲ್ಲಿಯ ಪತ್ರಿಕೆ ಓದುತ್ತಿದ್ದ ಒಬ್ಬರು ಎದ್ದುಬಂದು ಕೈಮುಗಿದರು.

"ಇವರದ್ದು ನರ್ಸರಿ ಇದೆ," ಎಂದರು ಅಧಿಕಾರಿಗಳು. "ನಮ್ಮ ಭಾವಮೈದ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸಂಬಂಧ ಏನಿದ್ರೂ ನಮ್ಮನೆಯವಳ ಕಡೆಯಿಂದ."

"ಮುಂಚೆ ಪೈಪಿನ ಅಂಗಡಿ ಇತ್ತು," ಎಂದರು ಭಾವಮೈದ ವಿನಯದಿಂದ. "ಪರಿಸರದ ಮೇಲೆ ಪ್ರೀತಿ ಜಾಸ್ತಿಯಾಗಿ ಬೋರ್ಡ್ ಬದಲಾಯಿಸಿದೆ."

ಮರ ಲಾರಿಯಲ್ಲಿ ಮಲಗಿಕೊಂಡು ಬಂತು. ಎರಡಾಳೆತ್ತರದ ಕಬ್ಬಿಣದ ಕಂಬ. ಕೆಳಗರ್ಧ ಕಂದು, ಮೇಲರ್ಧ ಹಸಿರು. ಅಧಿಕಾರಿಗಳು ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ ಕೈ ಕೊಡವಿಕೊಂಡರು. ಮಿಕ್ಕಿದ್ದನ್ನು ಸಿಮೆಂಟು ಮಾಡಿತು.

ಇಸ್ತ್ರಿ ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಕಂಬವನ್ನು ಬುಡದಿಂದ ತುದಿಯವರೆಗೆ ನೋಡಿದರು. "ಸಾರ್, ಇದು ಕಂಬ ಅಲ್ವಾ?"

"ಈಗ ಹಾಗೆ ಕಾಣತ್ತಮ್ಮ. ಇನ್ನೂ ಎಳೇದು," ಎಂದರು ಅಧಿಕಾರಿಗಳು.

"ನೆರಳು ಕೊಡತ್ತಾ?"

"ಕೊಡದೆ ಏನು? ಬಿಸಿಲು ಬರಲಿ, ತಾನಾಗೇ ಬೀಳತ್ತೆ."

ಬೀದಿಯವರು ನಿಜಕ್ಕೂ ನೆಮ್ಮದಿಪಟ್ಟರು. ಕಾರು ಚೊಕ್ಕಟವಾಗಿತ್ತು, ಬೋರ್ಡು ಕಾಣುತ್ತಿತ್ತು, ತೊಟ್ಟಿ ಒಡೆಯಲಿಲ್ಲ. ನಿಯಮದ ಪ್ರಕಾರ ಹೊಸ ಮರಕ್ಕೆ ನೀರುಣಿಸಲು ಟ್ಯಾಂಕರು ತಪ್ಪದೆ ಬರತೊಡಗಿತು. ಅಧ್ಯಕ್ಷರ ಮನೆಯ ನಲ್ಲಿಯಲ್ಲಿ ನೀರು ಬರದ ದಿನವೂ ಕಂಬಕ್ಕೆ ಬರುತ್ತಿತ್ತು. "ಅದರ ಹಣೆಬರಹ ನಮಗಿಲ್ಲ," ಎಂದು ಅವರ ಹೆಂಡತಿ ಕೊಡ ಹಿಡಿದು ಕಂಬದ ಬುಡದಲ್ಲೇ ನಿಲ್ಲುವುದನ್ನು ಕಲಿತರು.

ಮಳೆಗಾಲದಲ್ಲಿ ಕಂಬಕ್ಕೆ ತುಕ್ಕು ಹಿಡಿಯಿತು. ಪರಿಶೀಲನೆಗೆ ಬಂದ ಅಧಿಕಾರಿಗಳು ಮುಟ್ಟಿ ನೋಡಿ, "ಎಲೆ ಹಣ್ಣಾಗಿದೆ," ಎಂದರು. ಭಾವಮೈದ ಡಬ್ಬಿ ಹಿಡಿದು ಬಂದು ಹಸಿರು ಬಣ್ಣ ಬಳಿದು ಹೋದರು. ಅದಕ್ಕೆ ಚಿಗುರುವುದು ಎನ್ನುತ್ತಾರಂತೆ.

ಇಷ್ಟರಲ್ಲಿ ಒಂದು ಅಚಾತುರ್ಯ ನಡೆಯಿತು. ಅಷ್ಟು ನೀರು ಕುಡಿದ ಮಣ್ಣು ಸುಮ್ಮನಿರುತ್ತದೆಯೇ? ಸಿಮೆಂಟಿನ ಬಿರುಕಿನಿಂದ ಒಂದು ಗಿಡ ತಲೆ ಎತ್ತಿತು. ಯಾವ ಗಿಡ ಎಂದು ಯಾರಿಗೂ ತಿಳಿಯಲಿಲ್ಲ. ನೋಡನೋಡುತ್ತಾ ಮೊಳಕಾಲುದ್ದ ಬೆಳೆಯಿತು. ಇಸ್ತ್ರಿ ಅಕ್ಕ ಅದಕ್ಕೆ ಊರುಗೋಲು ಕಟ್ಟಿದರು. ಬೂದಿ ಚೆಲ್ಲಲು ದೂರ ಹೋಗತೊಡಗಿದರು. ಗಿರಾಕಿಗಳಿಗೆ ಬಟ್ಟೆ ಕೊಡುವಾಗಲೂ ಕಣ್ಣು ಅದರ ಮೇಲೇ.

ಇನ್ನೊಮ್ಮೆ ಪರಿಶೀಲನೆಗೆ ಬಂದ ಅಧಿಕಾರಿಗಳ ಮುಖ ಗಂಭೀರವಾಯಿತು. "ಇದೇನಿದು?"

"ಗಿಡ ಸಾರ್," ಎಂದರು ಅಕ್ಕ. ಅವರ ದನಿಯಲ್ಲಿ ಹೆಮ್ಮೆ ಇತ್ತು.

"ಕಳೆ. ಮರಕ್ಕೆ ಹಾಕೋ ನೀರೆಲ್ಲಾ ಇದು ಕುಡೀತಿದೆ. ಅದಕ್ಕೇ ಮರ ಎತ್ತರ ಬಂದಿಲ್ಲ."

ಎಲ್ಲರೂ ಕಂಬವನ್ನು ನೋಡಿದರು. ಎತ್ತರ ಬಂದಿಲ್ಲ ಎಂಬುದು ನಿಜವೇ ಆಗಿತ್ತು.

"ಅದು ಪಾಪ ಏನ್ ಮಾಡಿದೆ? ಇರಲಿ ಬಿಡಿ ಸಾರ್," ಎಂದು ಅಕ್ಕ ಗಾಡಿ ಬಿಟ್ಟು ಮುಂದೆ ಬಂದರು. "ನಾಳೆ ದೊಡ್ಡದಾದ್ರೆ ನೆರಳು..."

"ನೆರಳಿಗೆ ಅಂತ ಮರ ಹಾಕಿದೀವಲ್ಲಮ್ಮ!" ಎಂದರು ಅಧ್ಯಕ್ಷರು ನೊಂದು. ಮಾಡಿದ ಉಪಕಾರ ಮರೆತರೆ ಯಾರಿಗಾದರೂ ನೋವಾಗುತ್ತದೆ. ಬೀದಿಯ ಏಕೈಕ ಮರವನ್ನು ಉಳಿಸಿಕೊಳ್ಳುವ ಸಲುವಾಗಿ ಅವರೇ ಬಗ್ಗಿ, ಉಸಿರು ಬಿಗಿಹಿಡಿದು, ಗಿಡವನ್ನು ಕಿತ್ತರು. ಬೇರು ಗಟ್ಟಿಯಾಗಿತ್ತು, ಕಾರಿನವರೂ ಕೈಹಾಕಬೇಕಾಯಿತು. ಅಕ್ಕ ಅದನ್ನು ಅವರ ಕೈಯಿಂದ ಇಸಿದುಕೊಂಡು, ಒದ್ದೆ ಬಟ್ಟೆಯಲ್ಲಿ ಬೇರು ಸುತ್ತಿ, ಮನೆಗೆ ಒಯ್ದರು. ಆ ದಿನ ಯಾರ ಬಟ್ಟೆಯೂ ಇಸ್ತ್ರಿಯಾಗಲಿಲ್ಲ. ಮಾರನೆಯ ದಿನ ಬಂದರು, ಅದೇ ಬಿಸಿಲಲ್ಲಿ ಕೆಂಡ ಹೊತ್ತಿಸಿದರು.

ವರ್ಷದ ಕೊನೆಗೆ ಹಸಿರು ವಿಭಾಗದವರು ಮರ ಉಳಿಸಿದ ಬೀದಿಗಳಿಗೆ ಬಹುಮಾನ ಕೊಟ್ಟರು. ಬೇರೆ ಕೆಲವು ಬೀದಿಗಳಲ್ಲಿ ನಿಜವಾದ ಗಿಡ ನೆಟ್ಟು ಅರ್ಧಕ್ಕರ್ಧ ಸಾಯಿಸಿಕೊಂಡಿದ್ದರು. ನಮ್ಮಲ್ಲಿ ಒಂದೂ ಸತ್ತಿರಲಿಲ್ಲ. ಅಧ್ಯಕ್ಷರು ಶಾಲು ಹೊದಿಸಿಕೊಂಡು ಬಂದು, ಆ ಬಿಸಿಲಲ್ಲೂ ಸಂಜೆಯವರೆಗೆ ತೆಗೆಯಲಿಲ್ಲ.

ಈ ಬೇಸಿಗೆಯಲ್ಲಿ ಮರದ ಉಪಯೋಗ ಎಲ್ಲರಿಗೂ ಮನವರಿಕೆಯಾಗಿದೆ. ಮಧ್ಯಾಹ್ನ ಇಳಿಯುತ್ತಿದ್ದಂತೆ ಅದರ ನೆರಳು ರಸ್ತೆಯ ಮೇಲೆ ಉದ್ದಕ್ಕೆ ಬೀಳುತ್ತದೆ. ಅಗಲ ಮಾತ್ರ ಒಂದು ಗೇಣು. ನೂಕುನುಗ್ಗಲಾಗದಂತೆ ಸಂಘ ಪ್ರಕಟಣೆ ಹೊರಡಿಸಿದೆ: "ನೆರಳಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಲ್ಲತಕ್ಕದ್ದು. ಮೈಕೈ ತುಂಬಿಕೊಂಡವರು ಪಕ್ಕಕ್ಕೆ ತಿರುಗಿ ನಿಲ್ಲತಕ್ಕದ್ದು. ನೆರಳು ಸರಿದಾಗ ಎಲ್ಲರೂ ಒಟ್ಟಿಗೆ ಸರಿಯತಕ್ಕದ್ದು."

ಮೊದಲ ಜಾಗ ಇಸ್ತ್ರಿ ಅಕ್ಕನದು. ಸಂಘ ಅಷ್ಟು ಕೃತಘ್ನವಲ್ಲ. ಅವರ ಹಿಂದೆ ತುದಿಮನೆ ಅಜ್ಜಿ, ಕೊಡ ಹಿಡಿದ ಅಧ್ಯಕ್ಷರ ಹೆಂಡತಿ, ಪಕ್ಕಕ್ಕೆ ತಿರುಗಿದ ಅಧ್ಯಕ್ಷರು, ಕಾರಿನವರು, ಕನ್ನಡಕದವರು, ನಾನು. "ಸ್ವಲ್ಪ ಸರೀರಿ," ಎಂದು ಅಕ್ಕ ಮುಂದಿನಿಂದ ಹೇಳುತ್ತಾರೆ, ಸಾಲು ಸರಿಯುತ್ತದೆ.

ನಿನ್ನೆ ಪಾರ್ಸೆಲ್ ತಂದವನೊಬ್ಬ ಗಾಡಿ ನಿಲ್ಲಿಸಿ ನಮ್ಮನ್ನು ಬಹಳ ಹೊತ್ತು ನೋಡಿದ.

"ಏನ್ ಸಾರ್, ಬಿಸಿಲಲ್ಲಿ ಸಾಲಾಗಿ ನಿಂತಿದೀರಲ್ಲ?"

"ಬಿಸಿಲಲ್ಲಲ್ಲಪ್ಪ. ಮರದ ಕೆಳಗೆ," ಎಂದೆ.

ಅವನು ಕಂಬ ನೋಡಿದ. ಸಾಲು ನೋಡಿದ. ತಲೆಯೆತ್ತಿ ಆಕಾಶವನ್ನೂ ಒಮ್ಮೆ ನೋಡಿ, ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡ.

"ಕೊನೇಲಿ ಇರೋದು ನೀವೇನಾ?" ಎಂದು ಕೇಳಿ, ನನ್ನ ಹಿಂದೆ ಬಂದು ನಿಂತ.