ಎಂಟೇ ಅಕ್ಷರದ ಜಾಗ

ಎಲ್ಲಾ ಅನಾಹುತಕ್ಕೂ ಕಾರಣ, ಆ ದಿನ ಬೆಳಿಗ್ಗೆ ಆಫೀಸಿನ ಪ್ರಿಂಟರ್ ಕಾಗದ ನುಂಗಿಕೊಂಡು ಮುಷ್ಕರ ಹೂಡಿದ್ದು.

ಇಂದಿರಾನಗರದ ಬೇರೆ ಯಾವ ಸಾಫ್ಟ್‌ವೇರ್ ಕಂಪನಿಯಲ್ಲಾದರೂ ಇದು ದೊಡ್ಡ ವಿಷಯವಾಗುತ್ತಿರಲಿಲ್ಲ. ಆದರೆ ಇಲ್ಲಿಯ ಮ್ಯಾನೇಜರ್ ಯಜ್ಞನಾರಾಯಣ ಅವರು ಇಪ್ಪತ್ತೆಂಟು ವರ್ಷ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು, ವಿಆರ್‌ಎಸ್ ತೆಗೆದುಕೊಂಡು ಬಂದವರು. ಪರದೆಯ ಮೇಲೆ ಓದುವುದನ್ನು ಅವರು ಓದು ಎಂದೇ ಒಪ್ಪುತ್ತಿರಲಿಲ್ಲ. ಯಾರು ಏನು ಕೋಡ್ ಬರೆದರೂ ಅದು ಕಾಗದಕ್ಕೆ ಇಳಿಯಬೇಕು, ಸ್ಪೈರಲ್ ಬೈಂಡ್ ಆಗಬೇಕು, ಇನ್ನೊಬ್ಬರು ಕೆಂಪು ಇಂಕಿನಲ್ಲಿ ತಪ್ಪು ಗುರುತು ಮಾಡಬೇಕು.

"ನಚಿಕೇತ, ಶರ್ವಾಣಿ ಪ್ಯಾಚನ್ನ ನೀವು ರಿವ್ಯೂ ಮಾಡ್ರಿ. ನಾಲ್ಕು ಗಂಟೆಗೆ ಮೀಟಿಂಗು. ಟೀಮ್ ಲೀಡ್ ನೀವಾ ಅವ್ರಾ ಅನ್ನೋದನ್ನೂ ಅಲ್ಲೇ ಹೇಳ್ಬಿಡ್ತೀನಿ," ಎಂದರು ಅವರು.

ಲೀಡ್ ಪಟ್ಟ ತನಗೇ ಎಂದು ನಚಿಕೇತ ಹೆಂಡತಿ ಆಶ್ರಿತಾಗೆ ಹೇಳಿಯಾಗಿತ್ತು. ಅವಳು ಕೃಷ್ಣರಾಜಪುರದ ತಮ್ಮ ಬೀದಿಗೆಲ್ಲ ಹೇಳಿಯಾಗಿತ್ತು. ಪಕ್ಕದ ಮನೆಯ ಮಂಜುಳಮ್ಮ ಅವನನ್ನು "ಲೀಡರ್ ಸಾಹೇಬ್ರು" ಎಂದು ಕರೆಯಲು ಶುರುಮಾಡಿ ವಾರವಾಗಿತ್ತು. ಈಗ ನೋಡಿದರೆ, ಸೇರಿ ಎಂಟು ತಿಂಗಳಾದ ಶರ್ವಾಣಿಯೂ ಪೈಪೋಟಿಯಲ್ಲಿದ್ದಾಳೆ! ಅವಳ ಕೆಲಸದಲ್ಲಿ ಹುಳುಕು ಸಿಕ್ಕರೆ ಮಾನ ಉಳಿಯಿತು, ಇಲ್ಲದಿದ್ದರೆ ಬೀದಿಯಲ್ಲಿ ತಲೆ ತಗ್ಗಿಸಿ ಓಡಾಡಬೇಕು.

ಕಂಪನಿಯ ಸರಕು ಒಂದೇ. ಕಂಪ್ಯೂಟರಿನೊಳಗೆ ಯಾರು ಬಂದರು, ಯಾವ ಫೈಲ್ ಮುಟ್ಟಿದರು, ಎಷ್ಟು ಹೊತ್ತಿಗೆ ಹೋದರು ಎಂದು ವಾಚ್‌ಮನ್‌ನಂತೆ ಬರೆದಿಟ್ಟುಕೊಳ್ಳುವ ಒಂದು ಸಿ ಭಾಷೆಯ ಪ್ರೋಗ್ರಾಮು. ಅದಕ್ಕೆ ಶರ್ವಾಣಿ ಹಾಕಿದ ತೇಪೆಯೇ ಈ ಪ್ಯಾಚ್. ನಚಿಕೇತ ಅದನ್ನು ಫ್ಲಾಪಿಗೆ ಹಾಕಿಕೊಂಡು, ಪ್ರಿಂಟ್ ತೆಗೆಸಲು ಹಲಸೂರಿನ ಶೌಕತ್‌ನ ಜೆರಾಕ್ಸ್ ಅಂಗಡಿಗೆ ಓಡಿದ.

"ಸ್ಪೈರಲ್ಲಾ ಸಾಬ್? ಕೊಡಿ ಕೊಡಿ. ಅಂಚೆಲ್ಲ ನೀಟಾಗಿ ಕತ್ತರಿಸ್ಬಿಟ್ಟು ಮದುವೆ ಕಾರ್ಡ್ ತರ ಮಾಡ್ಕೊಡ್ತೀನಿ," ಎಂದ ಶೌಕತ್. ಹೇಳಿದಂತೆಯೇ ಮಾಡಿಕೊಟ್ಟ.

ಸೀಟಿಗೆ ಮರಳಿ ಮೊದಲ ಪುಟ ತಿರುವುತ್ತಿದ್ದಂತೆ ನಚಿಕೇತನಿಗೆ ಸ್ವರ್ಗಕ್ಕೆ ಮೂರೇ ಗೇಣು. "ವಾಜಿದ್, ಬಾ ಇಲ್ಲಿ! ಯೂಸರ್ ಹೆಸರಿಗೆ ಎಂಟೇ ಅಕ್ಷರದ ಜಾಗ ಇಟ್ಟಿದಾಳೆ. ಕೆಳಗಿನ ಸಾಲಲ್ಲೇ ಮತ್ತೆ ಅದೇ ಹೆಸರಿಗೆ ಅರವತ್ನಾಲ್ಕು!"

ಪಕ್ಕದ ಸೀಟಿನ ವಾಜಿದ್‌ಗೆ ಬೇರೆಯವರ ಜಗಳವೆಂದರೆ ಪಂಚಪ್ರಾಣ. "ಅರೇ ಗುರು, ನಿದ್ದೆಗಣ್ಣಲ್ಲಿ ಬರ್ದಿರ್ಬೇಕು. ಬಿಡ್ಬೇಡ, ಚೆನ್ನಾಗಿ ಉಜ್ಜು!"

"ಎಂಟು ಅಕ್ಷರ ಎಲ್ಲಿ ಸಾಲುತ್ತೆ? ಯಜ್ಞನಾರಾಯಣ ಅಂತ ಇಂಗ್ಲಿಷಲ್ಲಿ ಬರೆದ್ರೆ ಹದಿಮೂರು ಬೇಕು."

"ಯಾ ಅಲ್ಲಾ! ಅಂದ್ರೆ ಸರ್ ಹೆಸ್ರಿಗೇ ಅವಮಾನ! ಅದನ್ನೇ ಬರಿ, ಅದನ್ನೇ!"

ನಚಿಕೇತ ಬರೆದ. 'ಇದನ್ನು ಬರೆದವರಿಗೆ ಹಿರಿಯರ ಹೆಸರಿನ ಮೇಲೆ ಕಿಂಚಿತ್ತೂ ಗೌರವವಿಲ್ಲ.' ಇನ್ನೊಂದು ಪುಟದಲ್ಲಿ, 'ಫೈಲ್ ತೆರೆದು ಮುಚ್ಚುವುದನ್ನೇ ಮರೆತಿದ್ದಾರೆ, ಮನೆಯಲ್ಲಿ ನಲ್ಲಿಯನ್ನೂ ಹೀಗೇ ಬಿಡುತ್ತಾರೋ ಏನೋ.' ವಾಜಿದ್ ಹೇಳಿಕೊಟ್ಟದ್ದು ಕೊನೆಯ ಪುಟಕ್ಕೆ, 'ಸಿ ಭಾಷೆ ಕಲಿತದ್ದು ಪೋಸ್ಟಲ್ ಕೋರ್ಸಿನಲ್ಲಿರಬೇಕು.' ಮೂರೂವರೆಯ ಹೊತ್ತಿಗೆ ಪುಸ್ತಕಕ್ಕೆ ಕುಂಕುಮಾರ್ಚನೆ ಮಾಡಿದ ಹಾಗಿತ್ತು.

ಮೀಟಿಂಗಿನಲ್ಲಿ ನಚಿಕೇತ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಒಂದಕ್ಷರ ಬಿಡದೆ ಓದಿದ. ತಮ್ಮ ಹೆಸರು ಕಿವಿಗೆ ಬಿದ್ದದ್ದೇ ಯಜ್ಞನಾರಾಯಣ ಕನ್ನಡಕ ತೆಗೆದರು.

"ಎಂಟಕ್ಕಿಂತ ಉದ್ದದ ಹೆಸ್ರು ಬಂದ್ರೆ ಏನ್ರೀ ಆಗುತ್ತೆ?"

"ಮೆಷಿನ್ನು ದಬಾರ್ ಅಂತ ಮಲಗುತ್ತೆ ಸರ್," ಎಂದ ನಚಿಕೇತ ಉತ್ಸಾಹದಿಂದ.

"ಅದಕ್ಕೇನ್ರೀ ನಾನು ಲಾಗಿನ್ ಆದಾಗೆಲ್ಲ ಅದು ಬೀಳೋದು! ಎರಡು ವರ್ಷ ಆಯ್ತು! ವಾಸ್ತು ಸರಿಯಿಲ್ಲ ಅಂತ ಟೇಬಲ್ಲನ್ನ ಮೂರು ದಿಕ್ಕಿಗೆ ತಿರುಗಿಸಿದೀನಿ ಕಣ್ರೀ!"

ಎರಡು ವರ್ಷ? ಈ ಪ್ಯಾಚ್ ಬರೆದು ಒಂದು ವಾರವೂ ಆಗಿಲ್ಲವಲ್ಲ! ನಚಿಕೇತ ಪುಸ್ತಕದ ಪುಟಗಳನ್ನು ಹಿಂದೆ ಮುಂದೆ ತಿರುವಿದ.

"ಸರ್, ಅದು ಹಳೇ ಸಾಲು," ಎಂದಳು ಶರ್ವಾಣಿ ಮೆಲ್ಲಗೆ. "ಅದನ್ನ ತೆಗೆದು ನಾನು ಅರವತ್ನಾಲ್ಕು ಹಾಕಿದೀನಿ. ತೆಗೆದಿದ್ದಕ್ಕೆ ಮೈನಸ್, ಹಾಕಿದ್ದಕ್ಕೆ ಪ್ಲಸ್ ಅಂತ ಸಾಲಿನ ಮುಂದೆ ಗುರುತು ಇರುತ್ತಲ್ಲಾ..." ಪುಸ್ತಕ ಇಸಿದುಕೊಂಡು ನೋಡಿದಳು. "ಅಯ್ಯೋ, ಬೈಂಡಿಂಗಲ್ಲಿ ಅಂಚೇ ಹೋಗ್ಬಿಟ್ಟಿದೆ!"

ಶೌಕತ್‌ನ ನೀಟುಗಾರಿಕೆ ಪ್ಲಸ್ಸು ಮೈನಸ್ಸುಗಳನ್ನೆಲ್ಲ ಗುಡಿಸಿ ಹಾಕಿತ್ತು. ಗುರುತು ಕಾಣದ್ದಕ್ಕೆ ನಚಿಕೇತ ಎಲ್ಲವನ್ನೂ ಶರ್ವಾಣಿಯ ತಲೆಗೆ ಕಟ್ಟಿದ್ದ. ಅವನು ಬೈದ ಒಂದೊಂದು ಸಾಲೂ ಅವಳು ಕಿತ್ತು ಬಿಸಾಡಿದ ಹಳೆಯ ಸಾಲೇ ಆಗಿತ್ತು.

"ಹಾಗಾದ್ರೆ ಆ ಹಳೇ ಸಾಲುಗಳನ್ನ ಬರೆದ ಮಹಾನುಭಾವ ಯಾರ್ರೀ?" ಯಜ್ಞನಾರಾಯಣ ಗುಡುಗಿದರು.

ಶರ್ವಾಣಿ ಕಂಪ್ಯೂಟರಿನಲ್ಲಿ ಹಳೆಯ ದಾಖಲೆ ತೆಗೆದಳು, ನೋಡಿದಳು, ತಡವರಿಸಿದಳು. "ಸರ್... ನಚಿಕೇತ ಅವ್ರು. ಎರಡು ಸಾವಿರದ ಒಂದನೇ ಇಸವಿ."

ವಾಜಿದ್ ಫ್ಯಾನಿನ ರೆಕ್ಕೆ ಎಣಿಸತೊಡಗಿದ. ನಚಿಕೇತ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗೊತ್ತಾಗಲಿಲ್ಲ ಎಂದರೆ, ತಾನು ಬರೆದದ್ದನ್ನೇ ಗುರುತಿಸದ ಪೆದ್ದ. ಗೊತ್ತಿತ್ತು ಎಂದರೆ...

ಅಷ್ಟರಲ್ಲಿ ಯಜ್ಞನಾರಾಯಣ ಅವರ ಕಣ್ಣು ಒದ್ದೆಯಾಗಿತ್ತು. "ಇಷ್ಟು ವರ್ಷದ ಸರ್ವೀಸಲ್ಲಿ, ಎದ್ದು ನಿಂತು ತನ್ನನ್ನ ತಾನೇ ಹೀಗೆ ಬೈಕೊಂಡೋರನ್ನ ನಾನು ನೋಡಿಲ್ಲ ಕಣ್ರೀ! ಪೋಸ್ಟಲ್ ಕೋರ್ಸು ಅಂತ ಬೇರೆ! ಏನು ಪ್ರಾಮಾಣಿಕತೆ!"

ಎಲ್ಲರೂ ಚಪ್ಪಾಳೆ ತಟ್ಟಿದರು, ವಾಜಿದ್ ಎಲ್ಲರಿಗಿಂತ ಜೋರಾಗಿ. ನಚಿಕೇತ ವಿನಯದಿಂದ ತಲೆ ತಗ್ಗಿಸಿದ. ಹೋದ ಜೀವ ಬಂದಂತಾಗಿತ್ತು. ಲೀಡ್ ಪಟ್ಟ ಇನ್ನೇನು ಕೈಗೆ ಬಂದೇಬಿಟ್ಟಿತು ಎನಿಸಿತು.

"ಅದಕ್ಕೇ, ತಪ್ಪು ತಿದ್ದಿದೋರು ಮುಂದೆ ಇರ್ಲಿ. ಶರ್ವಾಣಿನೇ ಲೀಡು," ಎಂದರು ಯಜ್ಞನಾರಾಯಣ. "ನಚಿಕೇತ, ನೀವು ಬರೆದಿರೋ ಹಳೇ ಕೋಡು ಇನ್ನೂ ಎಷ್ಟು ಸಾಲು ಉಳಿದಿದೆ?"

"ನಲವತ್ತು ಸಾವಿರ ಸರ್," ಎಂದ ನಚಿಕೇತ.

"ಅಷ್ಟನ್ನೂ ನೀವೇ ರಿವ್ಯೂ ಮಾಡಿ, ಪ್ರತಿ ಶುಕ್ರವಾರ ಎಲ್ಲರ ಮುಂದೆ ಎದ್ದು ನಿಂತು ಓದಿ. ಇದೇ ಥರ, ಚೂರೂ ದಾಕ್ಷಿಣ್ಯ ಬೇಡ." ಹೊಸ ಕೆಂಪು ಪೆನ್ನೊಂದನ್ನು ಅವನ ಕೈಗಿತ್ತು ಬೆನ್ನು ತಟ್ಟಿದರು. "ಆದ್ರೆ ಒಂದು ಮಾತು ಕಣ್ರೀ. ವಾರವಾರಕ್ಕೂ ಬೈಗುಳ ಹೊಸದಾಗಿರ್ಲಿ, ಹಳೇದನ್ನೇ ಹೇಳ್ಬಾರ್ದು."