ನಮ್ಮ ಕಾಕಾನ ಟವೆಲ್ಲು

ನನ್ನ ತಂದೆಯ ತಮ್ಮ, ಅಂದರೆ ನಮ್ಮ ಕಡಗಂಚಿ ಕಾಕಾ, ಬಸ್ಸು ಹತ್ತುವುದೇ ಇಲ್ಲ. ಮೊದಲು ಅವರ ಟವೆಲ್ಲು ಹತ್ತುತ್ತದೆ! ಆಳಂದದ ನಿಲ್ದಾಣಕ್ಕೆ ಬಸ್ಸು ತಿರುಗುತ್ತಿದ್ದಂತೆ ಕಿಟಕಿಯೊಳಗೆ ಎಸೆದರೆ ಮುಗಿಯಿತು, ಆ ಸೀಟು ಅವರದು. ಬೇರೆಯವರ ಟವೆಲ್ಲು ಮೊದಲೇ ಬಿದ್ದಿದ್ದರೆ ಮಾತ್ರ ತುಟಿ ಪಿಟಕ್ಕೆನ್ನದೆ ಊರಿನ ತನಕ ನಿಂತೇ ಹೋಗುತ್ತಾರೆ. ಅಷ್ಟು ಕಟ್ಟುನಿಟ್ಟು!

ಒಮ್ಮೆ ಅಫಜಲಪುರದ ಬಸ್ಸಿಗೆ ಟವೆಲ್ಲು ಎಸೆದು ಚಹಾ ಕುಡಿಯಲು ಹೋದರು. ಬಸ್ಸು ಹೊರಟೇಬಿಟ್ಟಿತು! ಮುಂದಿನದು ಯಾವಾಗ ಎಂದು ಯಾರನ್ನು ಕೇಳುವುದು? ಸಂಜೆ ಅದೇ ಕಂಡಕ್ಟರು ಟವೆಲ್ಲು ಮಡಚಿ ತಂದುಕೊಟ್ಟ.

"ಕಾಕಾ, ನಿಮ್ಮ ಟವೆಲ್ ಆರಾಮ ಹೋಗಿ ಬಂತ್ರಿ. ಅದರ ಮ್ಯಾಲ ಯಾರಿಗೂ ಕೂಡಾಕ ಬಿಟ್ಟಿಲ್ರಿ."

ನಾನು ಕಾರು ಕೊಂಡಾಗ ಮೊದಲು ಕರೆದದ್ದು ಕಾಕಾನನ್ನೇ. ನಾನು ಬಾಗಿಲು ತೆರೆಯುವಷ್ಟರಲ್ಲಿ ಕಿಟಕಿಯಿಂದ ಟವೆಲ್ಲು ಒಳಗೆ!

"ಕಾಕಾ, ನೀವು ಒಬ್ರೇ ಇದ್ದೀರಲ್ರಿ!"

"ಈಗ ಒಬ್ಬಾಂವ. ಮುಂದ ಯಾರರೆ ಹತ್ತಿದ್ರ?"

ಇಲ್ಲಿಯ ತನಕ ನಗುತ್ತ ಹೇಳಿದೆ. ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ.

ನಮ್ಮ ಆಫೀಸಿಗೆ ಹೊಸದಾಗಿ ಬಂದ ಸಾಹೇಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಬುರಗಿಯಿಂದ ಆಳಂದಕ್ಕೆ ಬರುತ್ತಿದ್ದೆ. ಕಡಗಂಚಿಯಲ್ಲಿ ಕಾಕಾ ಉರಿಬಿಸಿಲಲ್ಲಿ ನಿಂತಿದ್ದರು. ಆಳಂದಕ್ಕೆ ಮೊಣಕಾಲಿನ ಡಾಕ್ಟರು ಬರುವ ದಿನ, ಬಸ್ಸಿನ ಸುಳಿವೇ ಇಲ್ಲ ಎಂದು ಬೆಳಿಗ್ಗೆ ನನಗೆ ಫೋನ್ ಕೂಡ ಮಾಡಿದ್ದರು. ನನ್ನ ಕಾರು ಕಂಡು ಒಂದು ಕೈ ಎತ್ತಿದರು. ಇನ್ನೊಂದು ಕೈಯಲ್ಲಿ ಟವೆಲ್ಲು! ಅದು ಸಾಹೇಬರ ತೊಡೆಯ ಮೇಲೆ ಬಂದು ಬಿದ್ದರೆ? ಹಿಂದಿನ ಸೀಟು ಪೂರ್ತಿ ಖಾಲಿಯಿತ್ತು. ನಾನು ಗಾಜು ಏರಿಸಿ ಮುಂದೆ ಹೋದೆ.

"ಯಾರೋ ಕೈ ಮಾಡಿದ್ರಲ್ರಿ?" ಎಂದರು ಸಾಹೇಬರು.

"ಯಾರೋ ಏನೋ ಸರ್," ಎಂದೆ. ಥೂ, ನನ್ನ ಬಾಯಿಗಿಷ್ಟು!

ಅವತ್ತು ಡಾಕ್ಟರು ಸಿಗಲಿಲ್ಲವೆಂದು ಕಾಕಿಯಿಂದ ತಿಳಿಯಿತು. ಆಮೇಲೆ ಎಷ್ಟೋ ದಿನ ಕಡಗಂಚಿ ದಾಟುವಾಗ ನಾನು ಆಚೀಚೆ ಕತ್ತು ತಿರುಗಿಸಲಿಲ್ಲ.

ಮೊನ್ನೆ ಕಾರು ಗ್ಯಾರೇಜಿನಲ್ಲಿತ್ತು. ಆಳಂದದಲ್ಲಿ ಕಲಬುರಗಿ ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಬಾಗಿಲಲ್ಲಿ ಜೋತಾಡುತ್ತಿದ್ದೆ.

"ಏ ತಮ್ಮಾ, ಇಲ್ಲಿ ಬಾ! ಕಿಡಕ್ಯಾಗಿಂದ ನಿನ್ನ ನೋಡೇ ಸೀಟ್ ಹಿಡದೀನಿ!"

ಕಾಕಾ! ಪಕ್ಕದ ಸೀಟಿನ ಮೇಲೆ ಅದೇ ಟವೆಲ್ಲು. ಅದನ್ನು ಎತ್ತಿಕೊಂಡು ನನ್ನನ್ನು ಕೂರಿಸಿದರು. ನನಗೆ ತಲೆ ಎತ್ತಲಾಗಲಿಲ್ಲ.

"ಕಾಕಾ, ಅವತ್ತ ನಾ ಕಾರ್ ನಿಲ್ಲಸಲಾರದ..."

ಕಾಕಾ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಇರ್ಲಿ ಬಿಡಪಾ. ಹಿಂದಿನ ಸೀಟಿಗೆ ಯಾರೋ ಮೊದಲ ಟವೆಲ್ ಹಾಕಿರಬೇಕು."