ತಲೆಯ ಮೇಲೆ ಕಲ್ಲಂಗಡಿ

ಎಲ್ಲಕ್ಕೂ ಕಾರಣ ಕೆನಡಾದ ಮ್ಯಾನೇಜರ್ ಸಾಹೇಬರ ಮೇಜಿನ ಮೇಲಿದ್ದ ಹಸಿರು ಟೋಪಿ.

ಮುಂದಿನ ವಾರ ಉಡುಪಿಯಲ್ಲಿ ಲತೇಶನ ನಿಶ್ಚಿತಾರ್ಥ. ಹುಡುಗಿ ಮೋಕ್ಷಾ ಬೆಳಿಗ್ಗೆಯೇ ಫೋನಿನಲ್ಲಿ, "ಇವತ್ತು ರಜೆ ಸಿಗದಿದ್ರೆ ಬೇರೆ ಹುಡುಗನನ್ನು ನೋಡ್ತಾರಂತೆ ಅಪ್ಪ" ಎಂದಿದ್ದಳು. ದೋಹಾದ ಬಿನ್ ಒಮ್ರಾನ್‌ನ ಆಫೀಸಿನಲ್ಲಿ ಅವನ ರಜೆಯ ಅರ್ಜಿ ಮಾತ್ರ ಕಾವಿಗೆ ಕೂತ ಕೋಳಿಯಂತೆ ಅಲುಗದೆ ಬಿದ್ದಿತ್ತು.

"ಅರ್ಜಿ ಗಿರ್ಜಿ ಖಲಾಸ್ ಕಣ್ರೀ," ಎಂದರು ಅಕೌಂಟ್ಸಿನ ಭೈರಪ್ಪ. ಮೈಸೂರಿನವರು, ಊರವರ ಉಸಾಬರಿಯೆಂದರೆ ಪ್ರಾಣ. "ಸಾಹೇಬ್ರ ಟೋಪಿ ನೋಡಿದ್ರಾ? ಸಸ್ಕ್ಯಾಚೆವಾನ್ ರಫ್‌ರೈಡರ್ಸ್ ಅಂತ ಅವರ ಕಡೆ ಫುಟ್‌ಬಾಲ್ ಟೀಮು. ಅದನ್ನ ಹೊಗಳಿ ಸಾಕು."

ಲತೇಶ ಕಂಪ್ಯೂಟರಿನಲ್ಲಿ ಹುಡುಕಿ ಓದಿದ. ಅದು ನಮ್ಮ ಫುಟ್‌ಬಾಲೇ ಅಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಬಸ್ಸು ತಪ್ಪಿದವರಂತೆ ಓಡುವ ಆಟ. 1910ರಲ್ಲಿ ಹುಟ್ಟಿದ ತಂಡ. ಒಂದು ಕಾಲದಲ್ಲಿ ಸತತ ಐದು ವರ್ಷ ಫೈನಲ್ಲಿಗೆ ಹೋಗಿ ಐದೂ ಸಲ ಸೋತಿತ್ತು. ಫೈನಲ್ ಗೆದ್ದವರಿಗೆ ಕೊಡುವ ಗ್ರೇ ಕಪ್ ಮೊದಲು ಕೈಗೆ ಬಂದದ್ದು 1966ರಲ್ಲಿ, ಆಮೇಲೆ 1989ರಲ್ಲಿ. ಮೂರನೆಯದು ಮೊನ್ನೆ ಮೊನ್ನೆ, 2007ರಲ್ಲಿ, ವಿನಿಪೆಗ್ ತಂಡವನ್ನು ನಾಲ್ಕೇ ಅಂಕಗಳಿಂದ ಸೋಲಿಸಿ. ಓದುತ್ತ ಓದುತ್ತ ಲತೇಶ ಭೈರಪ್ಪನವರ ಕಡೆ ತಿರುಗಿದ.

"ಅಭಿಮಾನಿಗಳು ಕಲ್ಲಂಗಡಿ ಕೊರೆದು ತಲೆಗೆ ಹಾಕ್ತಾರಂತೆ ಮಾರ್ರೆ!"

"ಯಲ್ಲಾ, ನಡೀರಿ, ನೀವೂ ಹಾಕ್ಕೊಳ್ಳಿ!"

"ಮರ್ಯಾದೆ ಹೋಗ್ಲಿಕ್ಕಿಲ್ವಾ?"

"ಮರ್ಯಾದೆ ಬೇಕೋ, ಮದ್ವೆ ಬೇಕೋ?"

ಮಧ್ಯಾಹ್ನ ನಜ್ಮಾ ಬಡಾವಣೆಯ ಕೆಫೆಟೇರಿಯಾದಲ್ಲಿ, ಅದನ್ನು ನಡೆಸುವ ಮಂಗಳೂರಿನ ಪೊಡಿಯಬ್ಬ ಹಣ್ಣು ಕೊರೆದು, "ಎಂತದಾ ಇದು, ಮದುಮಗನ ಪೇಟವಾ?" ಎನ್ನುತ್ತ ಲತೇಶನ ತಲೆಗೆ ಒತ್ತಿದ. ತಲೆ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಗಿರಾಕಿಗಳು ಸೇರಿ ಎಳೆದರೆ ಕಿವಿ ಬರುವಂತಾಯಿತೇ ಹೊರತು ಹಣ್ಣು ಮಿಸುಕಲಿಲ್ಲ. ಟ್ಯಾಕ್ಸಿಯವರು ಕಂಡೂ ನಿಲ್ಲಿಸಲಿಲ್ಲ. ಕೊನೆಗೆ ಬಿಸಿಲಲ್ಲಿ ನಡೆದೇ ಆಫೀಸು ಸೇರಿದ. ಕತ್ತಿನ ಮೇಲೆ ರಸ ಸುರಿಯುತ್ತಿತ್ತು, ಹಿಂದೆ ನೊಣಗಳ ದಿಬ್ಬಣ.

ಭೈರಪ್ಪ ಬಾಗಿಲು ತೆರೆದು ಒಳಗೆ ತಳ್ಳಿದರು. ಲತೇಶ ಕಣ್ಣು ಮುಚ್ಚಿ, ತನ್ನ ಇಂಗ್ಲಿಷಿನಲ್ಲಿ ತಂಡದ ಚರಿತ್ರೆಯನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿ, "ವಿನಿಪೆಗ್‌ಗೆ ಮಣ್ಣು ಮುಕ್ಕಿಸಿದ ರಫ್‌ರೈಡರ್ಸಿಗೆ ಜಯವಾಗಲಿ!" ಎಂದು ಕೂಗಿದ.

ಸಾಹೇಬರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಲತೇಶ್, ನಾನು ವಿನಿಪೆಗ್‌ನವನು."

"ಸರ್, ಈ ಟೋಪಿ?"

"ಫೈನಲ್ ದಿನ ನನ್ನ ಹೆಂಡತಿಯ ತಮ್ಮನ ಜೊತೆ ಬಾಜಿ ಕಟ್ಟಿ ಸೋತೆ. ವರ್ಷವಿಡೀ ಇದು ನನ್ನ ಕಣ್ಣೆದುರಿಗೇ ಇರಬೇಕು. ಅದೇ ಶಿಕ್ಷೆ."

ಲತೇಶ ಬಾಗಿಲ ಕಡೆಗೆ ಹಿಂದೆ ಸರಿದ. ಅಷ್ಟರಲ್ಲಿ ಸಾಹೇಬರು ಎದ್ದು ಬಂದು, ಕಲ್ಲಂಗಡಿ ಸಮೇತ ಅವನನ್ನು ತಬ್ಬಿಕೊಂಡರು.

"ಆ ಮಹಾರಾಯ ಮುಂದಿನ ವಾರ ದೋಹಾಕ್ಕೆ ಬರ್ತಿದ್ದಾನೆ! ಬೆಳಗಿಂದ ಸಂಜೆವರೆಗೆ ಇದೇ ಚರಿತ್ರೆ ಕೊರೀತಾನೆ. ಅವನನ್ನು ಯಾರ ಕೊರಳಿಗೆ ಕಟ್ಟೋದು ಅಂತ ಒದ್ದಾಡ್ತಿದ್ದೆ. ದೇವರೇ ನಿನ್ನನ್ನು ಕಳಿಸಿದ!"

"ಸರ್, ನನಗೆ ರಜೆ..."

"ಇಡೀ ವಾರ ರಜೆಯೇ! ಆಫೀಸಿಗೆ ಬರ್ಲೇಬೇಡ. ಸೀದಾ ಏರ್‌ಪೋರ್ಟಿಗೆ ಹೋಗು."

ಮುಂದಿನ ವಾರ ಲತೇಶ ಹೋದ. ಅವನೂರಿನ ಕಡೆಯ ವಿಮಾನ ತಲೆಯ ಮೇಲೆ ಹಾರಿಹೋಗುತ್ತಿದ್ದಾಗ, ಕೆಳಗೆ ಏರ್‌ಪೋರ್ಟಿನ ಬಾಗಿಲಿನಿಂದ ಹಸಿರು ಅಂಗಿಯ ದಢೂತಿ ಆಸಾಮಿಯೊಬ್ಬ ಹೊರಬಂದು, ಲತೇಶನ ಹೆಗಲ ಮೇಲೆ ಕೈಹಾಕಿ ಶುರುಮಾಡಿದ: "ಸಾವಿರದೊಂಬೈನೂರ ಹತ್ತನೇ ಇಸವಿಯಲ್ಲಿ..."